ಎದುರಾಳಿಯ ಕುರ್ಚಿ

ಊಟಕ್ಕೆ ಕೂತಾಗ ಮಾವನವರ ಬಲಗಡೆಗೆ ಒಂದು ಚಮಚ ಇರಲೇಬೇಕಿತ್ತು. ಅದು ಉಣ್ಣುವುದಕ್ಕಲ್ಲ, ಅವರು ಕೈಯಲ್ಲೇ ಉಣ್ಣುವವರು. ಚಮಚ ಇದ್ದದ್ದು ಲೋಟಕ್ಕೆ ಬಡಿಯುವುದಕ್ಕೆ. ಟಣ್ ಎಂದರೆ ವಾದ ಮುಗಿಯಿತು, ಇನ್ನು ತೀರ್ಪು.

ಮಾವ ಕಾಲೇಜಿನಲ್ಲಿ ಪಾಶ್ಚಾತ್ಯ ರಾಜಕೀಯ ಚಿಂತನೆಯ ಪಾಠ ಹೇಳುತ್ತಿದ್ದರು. ಮಕ್ಕಳು ಚಿಕ್ಕವರಿದ್ದಾಗ ಟೀವಿಗೆ, ಕಿಟಕಿ ಪಕ್ಕದ ಹಾಸಿಗೆಗೆ ಕಿತ್ತಾಡಿದರೆ ಗದರುವ ಬದಲು ಒಬ್ಬೊಬ್ಬರಿಗೆ ಒಬ್ಬ ಚಿಂತಕನನ್ನು ಹಂಚಿಬಿಟ್ಟರಂತೆ. ಹಿರಿಯ ಮಗನಿಗೆ, ಅಂದರೆ ನನ್ನ ಗಂಡನಿಗೆ, ಹಾಬ್ಸ್: ಮನುಷ್ಯ ಹೆದರುವ ಪ್ರಾಣಿ, ಜೀವ ಉಳಿಯಬೇಕಾದರೆ ಅಧಿಕಾರ ಒಬ್ಬನ ಕೈಗೆ ಕೊಡಿ. ನಾದಿನಿಗೆ ಲಾಕ್: ನನ್ನ ಮೈ ನನ್ನ ಮೊದಲ ಆಸ್ತಿ, ನಾನು ಒಪ್ಪದೆ ಯಾರೂ ನನ್ನನ್ನು ಆಳುವಂತಿಲ್ಲ. ಕಿರಿಯ ಮೈದುನನಿಗೆ ರೂಸೋ: ನನಗೇನು ಬೇಕು, ನಿನಗೇನು ಬೇಕು ಎಂಬುದಲ್ಲ, ಎಲ್ಲರೂ ಒಂದಾಗಿ ನೋಡಿದರೆ ಏನು ಸರಿ, ಅದು; ಒಪ್ಪದವನನ್ನು ಬಲವಂತದಿಂದಲಾದರೂ ಸ್ವತಂತ್ರನನ್ನಾಗಿ ಮಾಡಬೇಕು.

ಮೂವರೂ ಬೆಳೆದು ದೊಡ್ಡವರಾದರೂ ಆಟ ನಿಲ್ಲಲಿಲ್ಲ. ನನ್ನ ಗಂಡ ವಿಮಾ ಕಂಪನಿ ಸೇರಿ ಊರವರ ಭಯವನ್ನೇ ಕಸುಬು ಮಾಡಿಕೊಂಡರು. ನಾದಿನಿ ವಕೀಲೆ. ಮೈದುನ ನಾಟಕದವನು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದೆ, "ನನಗೆ ಯಾರು, ಮಾವ?"

"ಇವರು ಮೂವರೂ ಯಾರ ಹೆಸರು ಹೇಳ್ಕೊಂಡು ಜಗಳ ಆಡ್ತಾರೋ ಅವಳೇ ನೀನು, ತಾಯಿ. ಪ್ರಜೆ!"

ನಾನು ಪ್ರೂಫ್ ತಿದ್ದುವವಳು. ಸುಮ್ಮನೆ ನೋಡುತ್ತ ಕೂರುವುದು ನನಗೆ ಒಗ್ಗಿತ್ತು.

ಆಟಕ್ಕೊಂದು ನಿಯಮವಿತ್ತು. ತಮ್ಮ ತಮ್ಮ ವಾದ ಮುಗಿದ ಮೇಲೆ ಎದ್ದು ಎದುರಾಳಿಯ ಕುರ್ಚಿಯಲ್ಲಿ ಕೂರಬೇಕು. ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು. ಎದುರಾಳಿ ಹೌದೆಂದು ತಲೆಯಾಡಿಸಬೇಕು. ಎಲ್ಲರ ಸರದಿಯೂ ಆದ ಮೇಲೆಯೇ ಚಮಚ. "ಬೇರೆಯವನ ಕುರ್ಚಿಯ ಬಿಸಿ ತಾಗದವನಿಗೆ ರಾಜಕೀಯ ತಿಳಿಯಲ್ಲ," ಎನ್ನುತ್ತಿದ್ದರು ಮಾವ.

ಕಳೆದ ವರ್ಷ ಅವರ ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡಿತು; ರೇಡಿಯೇಷನ್ನಿಗೆ ಬಗ್ಗಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆದರೆ ಬಹಳ ಕಾಲ ಬದುಕಬಹುದು, ಆದರೆ ಮಾತು ಹೋಗುತ್ತದೆ. ತೆಗೆಯದಿದ್ದರೆ ಹೆಚ್ಚೆಂದರೆ ಒಂದು ವರ್ಷ, ಅಷ್ಟು ದಿನ ಹೇಗೋ ಮಾತು ಇದ್ದೀತು ಎಂದರು ಡಾಕ್ಟರು. ಆ ಸಂಜೆ ಮಾವ ಎಲ್ಲರನ್ನೂ ಮೇಜಿಗೆ ಕರೆದರು.

"ನನ್ನ ಗಂಟಲು, ನಿಮ್ಮ ನಾಲಿಗೆ. ಶುರು ಮಾಡ್ರಪ್ಪ," ಎಂದರು. ಸ್ವರ ಆಗಲೇ ಗರಗರ ಎನ್ನುತ್ತಿತ್ತು. ಹೇಳುವಾಗ ಅವರು ನೋಡಿದ್ದು ನಾದಿನಿಯ ಕುರ್ಚಿಯ ಕಡೆಗೆ. ತಮ್ಮ ಪರ ವಕೀಲರು ಬಂದಿದ್ದಾರೆಂಬ ನೆಮ್ಮದಿಯ ನೋಟ ಅದು. ಅವರಿಗೆ ಏನು ಬೇಕಿದೆ ಎಂದು ನನಗೆ ಆಗಲೇ ಅನ್ನಿಸಿತ್ತು.

"ಇದ್ರಲ್ಲಿ ವಾದ ಏನಿದೆ?" ಎಂದರು ನನ್ನ ಗಂಡ. "ಜೀವ ಇದ್ರೆ ತಾನೇ ಉಳಿದದ್ದು? ಆಪರೇಷನ್ ಆಗ್ಲೇಬೇಕು."

"ಗಂಟಲು ಅಪ್ಪಂದು, ಅಣ್ಣಾ. ನಿನ್ನ ಪಾಲಿಸಿ ಅಲ್ಲ," ಎಂದಳು ನಾದಿನಿ. "ಅವರ ಮೈಯಿಂದ ಏನು ತೆಗೀಬೇಕು, ಏನು ಬಿಡಬೇಕು ಅನ್ನೋದು ಅವರಿಗೆ ಬಿಟ್ಟದ್ದು. ನಾವು ಬೇಕಾದ್ರೆ ಅಳಬಹುದು, ಅಷ್ಟೇ."

"ಹಾಗಾದ್ರೆ ಮನೆ ಅಂದ್ರೆ ಏನೇ? ಲಾಡ್ಜಾ?" ಎಂದ ಮೈದುನ. "ಒಬ್ಬೊಬ್ಬರ ಆಸೆ ಬಿಡಿ. ಈ ಮನೆಗೆ ಏನು ಒಳ್ಳೇದು, ಅದನ್ನ ನೋಡಿ."

"ಬಂದ್ರಪ್ಪ, ಹಿಡಿದು ಕೂರಿಸಿ ಸ್ವಾತಂತ್ರ್ಯ ಕೊಡೋರು," ಎಂದರು ಮಾವ. ಎಲ್ಲರೂ ನಕ್ಕರು. ಆಮೇಲೆ ಅವರು ಬೆರಳು ತಿರುಗಿಸಿದರು. ಕುರ್ಚಿ ಬದಲು.

ನಾದಿನಿ ಎದ್ದು ಅಣ್ಣನ ಕುರ್ಚಿಯಲ್ಲಿ ಕೂತಳು, ಅವರು ಅವಳದರಲ್ಲಿ. ಮೇಜಿನ ಮೇಲೆ ಕೈಯೂರಿ, ಥೇಟ್ ನನ್ನ ಗಂಡನಂತೆಯೇ ಗಂಟಲು ಸರಿಮಾಡಿಕೊಂಡಳು.

"ಅಪ್ಪಾ, ನಂಗೆ ಭಯ ಆಗ್ತಿದೆ. ನ್ಯಾಯ, ಹಕ್ಕು ಎಲ್ಲ ಆಮೇಲೆ. ಅಮ್ಮ ಹೋದಾಗ ಈ ಮನೇಲಿ ನೀವಿದ್ರಿ. ನೀವೂ ಇಲ್ಲದ ಮನೆಗೆ ನಾನು ಯಾರನ್ನ ನೋಡೋಕೆ ಬರ್ಲಿ? ಮಾತಾಡದಿದ್ರೆ ಬೇಡ ಅಪ್ಪಾ. ಇಲ್ಲಿ ಕೂತಿರಿ. ಸಾಕು."

ಅವಳ ಕಣ್ಣು ತುಂಬಿತ್ತು. ನನ್ನ ಗಂಡ ತಲೆಯಾಡಿಸಿದರು. ಇನ್ನು ಅವರು ಅವಳ ಕುರ್ಚಿಯಿಂದ ಮಾತಾಡಬೇಕಿತ್ತು. ಬಾಯಿ ತೆರೆದರು ಕೂಡ.

ಟಣ್.

"ಆಯ್ತು," ಎಂದರು ಮಾವ. "ಸಹಿ ಹಾಕ್ತೀನಿ."

ಸರದಿ ಮುಗಿಯುವ ಮೊದಲು ಅವರು ಚಮಚ ಎತ್ತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆದರೆ ಆ ಹೊತ್ತಿಗೆ ಯಾರಿಗೆ ನಿಯಮದ ಚಿಂತೆ? ಮೈದುನ ಅಪ್ಪನನ್ನು ತಬ್ಬಿಕೊಂಡ. ನನ್ನ ಗಂಡ ಆಗಲೇ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು. ನಾದಿನಿ ಮಾತ್ರ ಅಣ್ಣನ ಕುರ್ಚಿಯಲ್ಲೇ ಕೂತಿದ್ದಳು. ಮಗಳು ಮಾತಾಡಿದ್ದು ಯಾವ ಕುರ್ಚಿಯಿಂದ ಎಂಬುದನ್ನು ಮಾವ ಮರೆತುಬಿಟ್ಟರು ಎಂದು ನನಗೆ ತಟ್ಟನೆ ಹೊಳೆಯಿತು. ಹೇಳೋಣವೆಂದರೆ, ಹೇಳಿ ಅವರು ಆಪರೇಷನ್ ಬೇಡ ಎಂದುಬಿಟ್ಟರೆ? ನೀರಿನ ಜಗ್ ತುಂಬಿಸಲು ಎದ್ದು ಹೋದೆ.

ಆಪರೇಷನ್ ಚೆನ್ನಾಗಿ ಆಯಿತು. ಮಾವ ಬದುಕಿದರು. ಈಗ ಕುತ್ತಿಗೆಯ ತೂತಿಗೆ ತೆಳುಬಟ್ಟೆ ಕಟ್ಟಿಕೊಳ್ಳುತ್ತಾರೆ. ಒಂದು ಸ್ಲೇಟು ಇದೆ; ಅದರಲ್ಲಿ 'ನೀರು', 'ಫ್ಯಾನ್' ಎಂದಷ್ಟೇ ಬರೆಯುತ್ತಾರೆ. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಸರಿಯಾಗಿ ಅಂಗಿಗೆ ಇಸ್ತ್ರಿ ಮಾಡಿ, ತೊಟ್ಟು, ಕಿಟಕಿಯ ಬಳಿ ನಿಲ್ಲುತ್ತಾರೆ. ಮೇಜಿನಲ್ಲಿ ಯಾರೂ ಜಗಳವಾಡುವುದಿಲ್ಲ. ಉಪ್ಪು ಕಡಿಮೆಯಾದರೂ ಯಾರೂ ಹೇಳುವುದಿಲ್ಲ.

ಒಂದು ದಿನ ಪಾತ್ರೆ ತೊಳೆಯುವಾಗ ನಾದಿನಿ ಪಕ್ಕಕ್ಕೆ ಬಂದು ನಿಂತಳು.

"ಅತ್ತಿಗೆ, ಆವತ್ತು ನಾನು ಅಣ್ಣನ ಮಾತು ಹೇಳಿದ್ದು. ಅಪ್ಪ ನಂದು ಅಂದ್ಕೊಂಡ್ರು, ಅಲ್ವಾ?"

"ನಿಂದಲ್ವಾ?"

ಅವಳು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಎಷ್ಟು ಅಣ್ಣಂದು, ಎಷ್ಟು ನಂದು, ನಂಗೇ ಗೊತ್ತಾಗ್ತಿಲ್ಲ. ಆದ್ರೆ ಅಪ್ಪನ ಪರವಾಗಿ ಮಾತಾಡೋಕೆ ಇದ್ದವಳು ನಾನೊಬ್ಬಳೇ. ನಾನೇ ಎದ್ದು ಹೋಗಿ ಆ ಕಡೆ ಕೂತೆ."

ಮುಂದಿನ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಅದನ್ನೇ ಅಪ್ಪನಿಗೆ ಹೇಳಿದಳು. "ಹೆದರಿಸಿ ತಗೊಂಡ ಒಪ್ಪಿಗೆಯೂ ಒಪ್ಪಿಗೆಯೇ ಅಂತ ಹಾಬ್ಸ್ ಹೇಳ್ತಾನೆ. ನನ್ನ ಲಾಕ್ ಹಾಗೆ ಹೇಳಲ್ಲ, ಅಪ್ಪಾ."

"ಅಕ್ಕಾ, ಊಟದ ಹೊತ್ತಲ್ಲಿ ಯಾಕೆ..." ಎಂದ ಮೈದುನ. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾವ ಸ್ಲೇಟು ತೆಗೆದುಕೊಳ್ಳಲಿಲ್ಲ. ನಿಧಾನವಾಗಿ ಎದ್ದರು. ಮೇಜು ಸುತ್ತಿ ಬಂದು ಮಗಳ ಭುಜ ತಟ್ಟಿ ಏಳಿಸಿದರು. ಅವಳ ಕುರ್ಚಿಯಲ್ಲಿ ತಾವು ಕೂತು, ತಮ್ಮ ಕುರ್ಚಿಯ ಕಡೆ ಬೆರಳು ತೋರಿಸಿದರು.

ಆ ಕುರ್ಚಿಯಲ್ಲಿ ಅದುವರೆಗೆ ಬೇರೆ ಯಾರೂ ಕೂತಿರಲಿಲ್ಲ. ಅವಳು ತುದಿಯಲ್ಲಿ ಕೂತಳು. ಬಲಗಡೆಗೆ ಈಗಲೂ ಇದ್ದ ಚಮಚ ಕೈಗೆತ್ತಿಕೊಂಡಳು.

"ನಂಗೆ..." ಎಂದಳು. ನಿಲ್ಲಿಸಿದಳು. ಮತ್ತೆ ಶುರುಮಾಡಿದಳು. "ನಂಗೆ ಇನ್ನೊಂದು ವರ್ಷ ಪಾಠ ಮಾಡೋದಿತ್ತು. ಕೊನೇ ಬೆಂಚಿನವರಿಗೆ ಕೇಳಿಸದಿದ್ರೂ ಪರವಾಗಿಲ್ಲ. ಈ ಮೇಜಲ್ಲಿ ಇವರ ಕಾಲೆಳೆಯೋದಿತ್ತು. ಆಮೇಲೆ ಹೋದ್ರೂ ನಂಗೆ ಬೇಜಾರಿರ್ಲಿಲ್ಲ. ಮಗಳು ಅತ್ತಳು, ಅದಕ್ಕೇ ಒಪ್ಪಿದೆ."

ಮಾವ ಅವಳನ್ನೇ ನೋಡುತ್ತಿದ್ದರು. ನಿಯಮದ ಪ್ರಕಾರ ತಲೆಯಾಡಿಸಿದರು. ಹೌದು.

ಇನ್ನು ಚಮಚ ಬಡಿಯಬೇಕಾದವಳು ಅವಳು. ಕೈ ಮೇಲೆತ್ತಿದಳು, ಹಾಗೇ ಹಿಡಿದುಕೊಂಡಳು.

ಮಾವ ಮೇಜಿನ ಮೇಲೆ ಬಾಗಿ, ಅವಳ ಬೆರಳುಗಳಿಂದ ಚಮಚವನ್ನು ಮೆಲ್ಲಗೆ ಬಿಡಿಸಿಕೊಂಡರು. ತಮ್ಮ ಗಂಜಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಲೋಟಕ್ಕೆ ಬಡಿಯದೆ, ಆ ಚಮಚದಿಂದ ಉಣ್ಣತೊಡಗಿದರು.