ಮೊದಲು ಅವನು

ವ್ಯಾನು ಅಲುಗಾಡಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಅದು ಸರಿಯದೆ ಹೆಣದ ಗಾಡಿ ಗೇಟಿನೊಳಕ್ಕೆ ಬರುವಂತಿರಲಿಲ್ಲ. ಭಾವ ಕೋಟು ಬಿಚ್ಚಿ ಕಾಂಪೌಂಡಿನ ಮೇಲೆ ಎಸೆದು ಮತ್ತೆ ಹೆಗಲು ಕೊಟ್ಟರು.

"ಎಲ್ಲರೂ ಒಟ್ಟಿಗೆ ತಳ್ರಪ್ಪ. ಬದುಕಿದ್ದಾಗ ಇವನು ಒಂದು ಕಡೆ ನಿಲ್ಲಲಿಲ್ಲ, ಇವನ ಗಾಡಿ ನೋಡಿದ್ರೆ ಅಲ್ಲಾಡಲ್ಲ ಅಂತ ಕೂತಿದೆ."

ಶುಕ್ರವಾರ ಸಂಜೆ ತಿರುಗಾಟ ಮುಗಿಸಿ ಬಂದವನು ವ್ಯಾನನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದಾಗಲೇ ಎದೆ ಹಿಡಿದುಕೊಂಡಿದ್ದ. ಬೀಗದಕೈ ಅವನ ಜೇಬಿನಲ್ಲೇ ಆಸ್ಪತ್ರೆಗೆ ಹೋಗಿ ಅಲ್ಲೆಲ್ಲೋ ಕಳೆದುಹೋಗಿತ್ತು.

ಅವನ ಹೆಂಡತಿ ಮೆಟ್ಟಿಲಿಳಿದು ಬಂದು ಗಂಡಸರ ನಡುವೆ ಜಾಗ ಮಾಡಿಕೊಂಡು ತಾನೂ ಕೈಹಚ್ಚಿದಳು.

"ನೀನ್ಯಾಕೆ ಬಂದೆ, ಒಳಗೆ ಕೂತ್ಕೋ," ಎಂದಳು ಅವಳ ಅಕ್ಕ.

"ಕೂತ್ರೆ ಹುಚ್ಚು ಹಿಡಿಯುತ್ತೆ ಅಕ್ಕ."

ವ್ಯಾನು ಒಮ್ಮೆಲೇ ಸರಿಯಿತು. ಒಳಗೆ ಡಬ್ಬಿಗಳಲ್ಲಿದ್ದ ಹೊಲಿಗೆ ಯಂತ್ರದ ಬಿಡಿಭಾಗಗಳೆಲ್ಲ ಒಟ್ಟಿಗೆ ಗಲಗಲ ಎಂದವು. ಹೆಣದ ಗಾಡಿ ಒಳಗೆ ಬಂತು.

ಸ್ಮಶಾನದಲ್ಲಿ ಕೆಲಸ ಬೇಗ ಮುಗಿಯಿತು. ಮನೆಗೆ ಬಂದ ಮೇಲೆ ಶುರುವಾದದ್ದೇ ಮುಗಿಯಲಿಲ್ಲ. ನಡುಮನೆಯಲ್ಲಿ ಅವನ ಹಳೆಯ ಆಫೀಸಿನವರು, ಅಂಗಳದಲ್ಲಿ ಬಾಡಿಗೆ ಬಸ್ಸು ಮಾಡಿಕೊಂಡು ಬಂದ ದರ್ಜಿಗಳು. ಅವನು ಊರೂರು ಸುತ್ತಿ ರಿಪೇರಿ ಮಾಡುತ್ತಿದ್ದ ಯಂತ್ರಗಳ ಮುಂದೆ ದಿನವಿಡೀ ಬಗ್ಗಿ ಕೂರುವ ಜನ. ನಿಂತರೂ ಅವರ ಬೆನ್ನು ಪೂರಾ ನೆಟ್ಟಗಾಗುತ್ತಿರಲಿಲ್ಲ. ಒಳಗಿನವರೂ ಹೊರಗಿನವರೂ ಆಡುತ್ತಿದ್ದುದು ಒಂದೇ ಮಾತು: ರಾಜನ ಹಾಗೆ ಬದುಕಿದ. ಯಾರ ಹಂಗೂ ಇರಲಿಲ್ಲ. ನಮ್ಮ ಕೈಲಿ ಆಗದ್ದನ್ನು ಮಾಡಿ ತೋರಿಸಿದ.

ಅವಳು ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅಂಗಾಲಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ರಾಜನಂತೆ. ಹಾಗಾದರೆ ಇಷ್ಟು ವರ್ಷ ಅರಮನೆಯ ಬಟ್ಟೆ ಒಗೆದವಳು ತಾನು.

* * *

ಅವನು ಕೆಲಸ ಬಿಟ್ಟದ್ದು ಒಂದು ಮಂಗಳವಾರ, ಊಟದ ಹೊತ್ತಿಗೆ. ವಿಮಾ ಕಚೇರಿಯಿಂದ ಬಂದವನು ಟೈ ಸಡಿಲಿಸಿ, ಬಟಾಣಿ ಸುಲಿಯುತ್ತಿದ್ದ ಅವಳ ಎದುರು ಕೂತ. ಅವತ್ತು ಅವಳಿಗೆ ರಜೆ.

"ಬಿಟ್ಟುಬಿಟ್ಟೆ," ಎಂದ.

"ಏನನ್ನ?"

"ಎಲ್ಲಾನೂ."

ಅವಳಿಗೆ ನಗು ಬಂತು. ವರ್ಷಗಳಿಂದ ಅವನು ಸರಿಯಾದ ಹೊತ್ತು ಬರಲಿ ಎನ್ನುತ್ತಿದ್ದ. ಸಾಲ ತೀರಲಿ, ಬಡ್ತಿ ಬರಲಿ, ಚಳಿಗಾಲ ಕಳೆಯಲಿ. ಕೊನೆಗೆ ಯಾವುದೂ ಆಗದ ಒಂದು ದಿನ ಎದ್ದು ಬಂದಿದ್ದ.

"ನನಗೂ ಬಿಡೋದಿದೆಯಲ್ಲ," ಎಂದಳು. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಬಟ್ಟೆ ಕೋಣೆಯ ಕಿಟಕಿಗೆ ಬಿಳಿ ಬಣ್ಣ ಬಳಿದಿದ್ದರು. ಹೊರಗೆ ಬಿಸಿಲೋ ಮಳೆಯೋ ಎಂದು ತಿಳಿಯಬೇಕಾದರೆ ಬಂದವರ ಚಪ್ಪಲಿ ನೋಡಬೇಕಿತ್ತು. ಹಬೆ, ಬ್ಲೀಚಿನ ವಾಸನೆ, ಎದುರಾಬದುರು ನಿಂತು ಹಾಸಿಗೆ ಬಟ್ಟೆ ಮಡಚುವುದು. ಮಡಚಿ ಮಡಚಿ ಬೆರಳ ತುದಿ ನುಣುಪಾಗಿತ್ತು.

"ಮೊದಲು ನಾನು. ಕಾಲೂರಿಕೊಳ್ಳೋಕೆ ಒಂದೆರಡು ವರ್ಷ ಕೊಡು. ಆಮೇಲೆ ನೀನೂ ಬಿಡು, ಇಬ್ಬರೂ ಒಟ್ಟಿಗೆ ತಿರುಗೋಣ. ಅಲ್ಲಿವರೆಗೆ ಮನೇಲಿ ಒಂದು ಸಂಬಳ ಬೇಕಲ್ಲ."

ಬಟಾಣಿ ಒಂದು ಕೈಜಾರಿ ಮೇಜಿನ ಕೆಳಗೆ ಉರುಳಿತು. ಇಬ್ಬರೂ ಬಗ್ಗಿ ಹುಡುಕಿದರು. ಕೆಳಗಿನಿಂದಲೇ ಅವಳು, "ಆಗಲಿ," ಎಂದಳು.

* * *

"ನೋಡಮ್ಮ, ನಿನಗೊಂದು ಮಾತು ಹೇಳಬೇಕು." ಅಡುಗೆಮನೆಯ ಬಾಗಿಲಲ್ಲಿ ಹಳೆಯ ಹೆಡ್ ಕ್ಲರ್ಕು ನಿಂತಿದ್ದರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಅಂಗಿಯ ಜೇಬಿನಲ್ಲಿ ಇನ್ನೂ ಎರಡು ಪೆನ್ನು. "ಎಲ್ಲರೂ ಅವನನ್ನ ಅಟ್ಟಕ್ಕೇರಿಸ್ತಿದಾರೆ. ಕೇಳಿಸ್ಕೊಂಡು ಸುಮ್ಮನಿರೋಕಾಗ್ಲಿಲ್ಲ."

"ಹೇಳಿ."

"ಬಿಟ್ಟುಹೋದ ಎರಡನೇ ಮಳೆಗಾಲದಲ್ಲಿ ನನ್ನ ಹತ್ರ ಬಂದಿದ್ದ. ಕುರ್ಚಿ ಇನ್ನೂ ಖಾಲಿ ಇದೆಯಾ ಅಂತ ಕೇಳಿದ. ಹೊಸಬ ಬಂದಾಗಿತ್ತು. ಇನ್ನೊಂದು ವರ್ಷ ಬಿಟ್ಟು ಮತ್ತೆ ಬಂದ."

ಅವಳ ಕೈಯಲ್ಲಿದ್ದ ಲೋಟದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾಕಂತೆ?"

"ಯಾಕೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನನ್ನ ಹೆಂಡತಿಗೆ ಗೊತ್ತಾಗೋದು ಬೇಡ ಅಂದ, ಅಷ್ಟೇ. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ." ಅವರು ಅವಳ ಮುಖ ನೋಡಿ ಮಾತು ಬದಲಿಸಿದರು. "ಒಳ್ಳೆ ಮನುಷ್ಯ. ಅದರಲ್ಲೇನೂ ಎರಡು ಮಾತಿಲ್ಲ."

ಅವರು ಹೋದ ಮೇಲೆ ಅವಳು ಲೋಟವನ್ನು ಕುಕ್ಕಿದಳು. ಅದು ಒಡೆಯಲಿಲ್ಲ. ಒಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

* * *

ಒಂದು ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಅವಳು ಅವನಿಗೆ ಹೇಳದೆ ರಜೆ ಹಾಕಿ ಚೀಲ ತುಂಬಿಕೊಂಡು ಸೋಮವಾರ ಬೆಳಿಗ್ಗೆ ವ್ಯಾನಿನ ಮುಂದಿನ ಸೀಟಿನಲ್ಲಿ ಹೋಗಿ ಕೂತುಬಿಟ್ಟಿದ್ದಳು. ಅವನು ಉಪಕರಣಗಳ ಪೆಟ್ಟಿಗೆ ಹಿಡಿದು ಬಂದವನು ಅವಳನ್ನು ಕಂಡು ಗಕ್ಕನೆ ನಿಂತ.

"ಈ ಸಲ ಬೇಡ. ರಸ್ತೆ ಸರಿಯಿಲ್ಲ."

"ಹೋದ ಸಲ ಮಳೆ. ಅದಕ್ಕೂ ಹಿಂದಿನ ಸಲ ಬ್ರೇಕು. ಈಗ ರಸ್ತೆ."

"ಮುಂದಿನ ವರ್ಷ ಖಂಡಿತ."

ಅವಳು ಇಳಿಯಲಿಲ್ಲ. ಅವನು ಬೈಯಲಿಲ್ಲ, ಗೋಗರೆಯಲಿಲ್ಲ. ಬಾಗಿಲು ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದ. ಅವನ ಮುಖದಲ್ಲಿ ಭಯದಂಥದ್ದೇನೋ ಇತ್ತು. ಕಡೆಗೆ ಅವಳೇ ಇಳಿದಳು. ಇವನಿಗೆ ದಾರಿಯಲ್ಲಿ ಬೇರೊಬ್ಬಳಿದ್ದಾಳೆ ಎಂದುಕೊಂಡಳು. ಎಷ್ಟೋ ವಾರ ಅವನ ಅಂಗಿಗಳನ್ನು ಒಗೆಯುವ ಮುನ್ನ ಮೂಸಿ ನೋಡಿದ್ದಳು. ಯಂತ್ರದ ಎಣ್ಣೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

* * *

ಅಂಗಳದಲ್ಲಿ ದರ್ಜಿಗಳು ಹೊರಡುವ ತಯಾರಿಯಲ್ಲಿದ್ದರು. ಅವರಲ್ಲಿ ಒಬ್ಬಳು, ಕೊರಳಲ್ಲಿ ಇನ್ನೂ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದ ದಪ್ಪ ಹೆಂಗಸು, ಅವಳ ಬಳಿಗೆ ಬಂದಳು.

"ಅತ್ತಿಗೆ, ನಾವು ಬರ್ತೀವಿ. ಎಣ್ಣೆ ಅಣ್ಣ ಇಲ್ಲ ಅಂದ್ರೆ ನಂಬೋಕಾಗ್ತಿಲ್ಲ."

"ಎಣ್ಣೆ ಅಣ್ಣ?"

"ನಾವೆಲ್ಲ ಹಾಗೇ ಕರೀತಿದ್ವಿ. ಯಂತ್ರಕ್ಕೆ ಏನೇ ಆಗಿದ್ರೂ ಮೊದಲು ಎಣ್ಣೆ ಬಿಡೋರು."

ಅವಳು ಆ ಹೆಂಗಸಿನ ತೋಳು ಹಿಡಿದು ವ್ಯಾನಿನ ಮರೆಗೆ ಕರೆದುಕೊಂಡು ಹೋದಳು. "ನಿಜ ಹೇಳಿ. ಅಲ್ಲಿ ಅವರು ಹೇಗಿದ್ರು?"

ದರ್ಜಿ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಯಂತ್ರ ಓಡಿದ ದಿನ ಹಾಡ್ತಿದ್ರು. ಮಿಕ್ಕ ದಿನ... ಕೆಲಸ ಮುಗಿದ್ರೂ ಎದ್ದು ಹೋಗ್ತಿರ್ಲಿಲ್ಲ. ನಾನು ಅಂಗಡಿ ಬಾಗಿಲು ಹಾಕಿದ ಮೇಲೂ ವ್ಯಾನಲ್ಲಿ ಕೂತು ಎದುರಿನ ಗೋಡೆ ನೋಡ್ತಿರೋರು. ಒಬ್ಬರೇ ಊಟದ ಡಬ್ಬಿ ಬಿಚ್ಚಿ ತಿನ್ನೋರು. ಒಂದ್ಸಲ ಕೇಳಿದೆ, ಅತ್ತಿಗೇನ ಯಾಕೆ ಕರ್ಕೊಂಡ್ ಬರಲ್ಲ ಅಂತ."

"ಏನಂದ್ರು?"

"ಬಂದ್ರೆ ಒಂದೇ ದಿನದಲ್ಲಿ ಕಂಡುಹಿಡೀತಾಳೆ ಅಂದ್ರು. ಏನು ಅಂದೆ. 'ನನಗೆ ಇದು ಅಷ್ಟೇನೂ ಒಗ್ಗಿಲ್ಲ ಅನ್ನೋದನ್ನ. ಅವಳು ನನಗೋಸ್ಕರ ಅಲ್ಲಿ ಹಬೇಲಿ ಬೇಯ್ತಿದಾಳೆ. ಇಷ್ಟಕ್ಕೇನಾ ಅಂತ ಅವಳಿಗೆ ಅನ್ನಿಸಿಬಿಟ್ರೆ ನಾನು ಎಲ್ಲಿಗೆ ಹೋಗಲಿ?' ಅಂದ್ರು."

ಅವಳು ಅಂಗೈಯಿಂದ ವ್ಯಾನಿನ ಬಾಗಿಲಿಗೆ ಒಮ್ಮೆ ಬಡಿದಳು. ಪೆದ್ದ. ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಮನೆಯಲ್ಲಿರಬಹುದಿತ್ತು, ತಾನು ಹೋಗಬಹುದಿತ್ತು.

"ಒಗ್ಗದೇ ಇದ್ದದ್ದು ಅವರಿಗೆ," ಎಂದಳು ಕೊನೆಗೆ. "ನನಗೆ ಒಗ್ತಿತ್ತೋ ಏನೋ. ನನ್ನ ಯಾರು ಕೇಳಿದ್ರು?"

ದರ್ಜಿ ಅವಳನ್ನೇ ನೋಡಿದಳು. "ಬಸ್ಸಲ್ಲಿ ಜಾಗ ಇದೆ. ಬೇಕಾದ್ರೆ ನಮ್ಮನೇಲಿ ನಾಲ್ಕು ದಿನ ಇರಿ. ಮುಂದಿಂದು ಆಮೇಲೆ ನೋಡೋಣ."

ಒಳಗೆ ಅಕ್ಕನ ಜೊತೆ ಆಸ್ಪತ್ರೆಯ ಮೇಲ್ವಿಚಾರಕಿ ಕೂತಿದ್ದಳು. ಅವಳನ್ನು ಕಂಡು ಎದ್ದು ನಿಂತಳು.

"ನಾಳೇನೇ ಬರಬೇಡ. ಈ ವಾರ ಪೂರ್ತಿ ಮನೇಲಿರು. ಮುಂದಿನ ಸೋಮವಾರ ಬಂದ್ರೆ ಸಾಕು. ಮಡಚೋಕೆ ನಿನ್ನ ಕೈ ಇಲ್ಲದಿದ್ರೆ ನಮಗೂ ಕಷ್ಟ."

"ನಾನು ಬರಲ್ಲ ಮೇಡಂ."

"ಸರಿ, ಇನ್ನೊಂದು ವಾರ ತಗೋ."

"ಹಾಗಲ್ಲ. ಇನ್ಮೇಲೆ ಬರಲ್ಲ."

ಅಕ್ಕ ತಲೆ ಎತ್ತಿದಳು. ಮೇಲ್ವಿಚಾರಕಿ ದನಿ ತಗ್ಗಿಸಿದಳು. "ಇಂಥ ದಿನ ಇಂಥ ಮಾತು ಆಡಬಾರದು. ದುಃಖದಲ್ಲಿ ಬಾಯಿಗೆ ಏನೇನೋ ಬರುತ್ತೆ."

"ಇದು ಇವತ್ತಿನ ಮಾತಲ್ಲ ಮೇಡಂ. ಜೋರಾಗಿ ಆಡಿದ್ದು ಮಾತ್ರ ಇವತ್ತು."

ಅವಳು ಕೋಣೆಗೆ ಹೋಗಿ ಕೈಗೆ ಸಿಕ್ಕಿದ ಬಟ್ಟೆಗಳನ್ನು ಮಡಚದೆ ಚೀಲಕ್ಕೆ ತುರುಕಿದಳು. ಅಕ್ಕ ಹಿಂದೆಯೇ ಬಂದಳು.

"ಪಿಂಚಣಿಗೆ ಇನ್ನು ನಾಲ್ಕೇ ವರ್ಷ ಇದೆ. ಹಲ್ಲು ಕಚ್ಚಿಕೊಂಡು ಇದ್ದುಬಿಡೇ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು, ನಾನು ಕೇಳಲ್ಲ."

"ಅವರೂ ಹಾಗೇ ಹೇಳ್ತಿದ್ರು. ಆಮೇಲೆ, ಆಮೇಲೆ."

"ಮಣ್ಣು ಇನ್ನೂ ಒಣಗಿಲ್ಲ. ಜನ ಏನಂತಾರೆ?"

"ಏನೋ ಅಂತಾರೆ. ನೀನು ನನ್ನ ಪರವಾಗಿ ಅವರಿಗೆ ಎದುರು ಮಾತಾಡ್ತೀಯ ಅಂತ ನನಗೆ ಗೊತ್ತು."

ಅಕ್ಕನಿಗೆ ಸಿಟ್ಟೂ ನಗೂ ಒಟ್ಟಿಗೆ ಬಂದವು. "ಹೋಗಿ ಏನು ಮಾಡ್ತೀಯ?"

"ಗೊತ್ತಿಲ್ಲ. ಚೆನ್ನಾಗಿಲ್ಲದಿದ್ರೆ ಅದನ್ನ ನಾನೇ ಕಂಡ್ಕೊಂಡು ಬರ್ತೀನಿ. ಬಂದು ನಿನಗೆ ಹೇಳ್ತೀನಿ. ಮುಚ್ಚಿಡಲ್ಲ."

ಚೀಲದ ಜಿಪ್ಪು ಸಿಕ್ಕಿಹಾಕಿಕೊಂಡಿತ್ತು. ಅಕ್ಕ ಬಗ್ಗಿ ಅದನ್ನು ಎಳೆದು ಮುಚ್ಚಿದಳು.

ಬಸ್ಸು ಊರಂಚು ದಾಟುವಾಗ ಇನ್ನೂ ಬಿಸಿಲಿತ್ತು. ದರ್ಜಿಗಳು ದಣಿದು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿದ್ದೆ ಹೋದರು. ಅವಳಿಗೆ ಹಿಂದಿನ ಸೀಟಿನಲ್ಲಿ ಕೂರಲಾಗಲಿಲ್ಲ. ಎದ್ದು, ಕಂಬಿಯಿಂದ ಕಂಬಿಗೆ ಕೈ ಬದಲಿಸುತ್ತ, ತೂಗಾಡುತ್ತ ಮುಂದಕ್ಕೆ ಬಂದು ಗಾಜಿನ ಎದುರು ನಿಂತಳು. ಚಾಲಕ ಅವಳನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದ. ಪಕ್ಕದ ಸೀಟಿನ ಮೇಲಿದ್ದ ತನ್ನ ಸ್ವೆಟರನ್ನೂ ನೀರಿನ ಬಾಟಲಿಯನ್ನೂ ಒಂದು ಕೈಯಲ್ಲಿ ಎತ್ತಿ ಕೆಳಗಿಟ್ಟ.