ಮಿಕ್ಸರಿನ ಎರಡು ಪಟ್ಟಿ

ಸ್ವಿಚ್ ಒತ್ತಿದ್ದೇ ತಡ, ಸ್ಟುಡಿಯೋದ ಸ್ಪೀಕರುಗಳು ಗುಂಯ್ ಎಂದವು. ರಿಪೇರಿಯವಳು ಸರಕ್ಕನೆ ಆರಿಸಿದಳು. ಬೆಳಗಿನಿಂದ ಇದು ಆರನೇ ಸಲ.

ಗಾಜಿನಾಚೆಯ ಕೋಣೆಯಲ್ಲಿ ಗಾಯಕಿ ಬಿಸಿನೀರಿನ ಲೋಟ ಹಿಡಿದು ಕೂತಿದ್ದರು. ನಾಳೆ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆ. ಆಮೇಲೆ ದನಿ ಉಳಿಯುತ್ತದೋ ಇಲ್ಲವೋ, ವೈದ್ಯರೂ ಬಾಯಿಬಿಟ್ಟಿರಲಿಲ್ಲ. "ಆ ಹಳೇ ಮಿಕ್ಸರಲ್ಲಿ ನನ್ನ ದನಿ ಕೇಳ್ತಿತ್ತಲ್ಲ, ಹಾಗೇ ಒಂದ್ಸಲ ಹಿಡಿದಿಡಮ್ಮ" ಎಂದಿದ್ದರು.

ಹಾಡಿನ ದನಿ ಹದಗೊಳಿಸುವ ಆ ಮಿಕ್ಸರ್ ರಿಪೇರಿಯವಳ ಅಣ್ಣನದು. ಇಪ್ಪತ್ತು ವರ್ಷ ಅದನ್ನು ವೇದಿಕೆಯಿಂದ ವೇದಿಕೆಗೆ ಹೊತ್ತು ಇದೇ ಗಾಯಕಿಯ ದನಿ ಹೊಂದಿಸಲು ಕೂತವನು. ಕಿವಿಗಳೆರಡೂ ಕೈಕೊಟ್ಟ ಮೇಲೆ ಅದಕ್ಕೆ ಕಂಬಳಿ ಹೊದಿಸಿ ಷೆಡ್ಡಿಗೆ ತಳ್ಳಿದ್ದ, ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಅವನು ಊರಲ್ಲಿಲ್ಲದ ಎರಡು ದಿನದಲ್ಲಿ ತಂಗಿ ಅದನ್ನು ಬಿಚ್ಚಿದ್ದಳು. ಮೈಕಿನ ದನಿ ಹಾಯುವ ಇಪ್ಪತ್ತನಾಲ್ಕು ಚಾನೆಲ್‌ಗಳಲ್ಲಿ ಜೀವವಿದ್ದದ್ದು ಎರಡಕ್ಕೇ. ಆ ಎರಡರ ಉದ್ದನೆಯ ಸರ್ಕ್ಯೂಟ್ ಪಟ್ಟಿಗಳನ್ನು ನಾಬುಗಳ ಸಮೇತ ಹೊರಗೆಳೆದು, ತಗಡಿನ ಡಬ್ಬಿಯಲ್ಲಿ ಕೂರಿಸಿ, ಬೇರೆಯೇ ಕರೆಂಟು ಕೊಟ್ಟಿದ್ದಳು. ಮೈಕಿನ ದನಿ ಈ ಡಬ್ಬಿಯೊಳಗಿಂದ ಹಾದು ರೆಕಾರ್ಡ್ ಆಗಬೇಕಿತ್ತು.

ಬಾಗಿಲು ದಡಾರನೆ ತೆರೆಯಿತು. ಅಣ್ಣ. ಷೆಡ್ಡು ನೋಡಿಕೊಂಡೇ ಬಂದಿದ್ದ.

"ಯಾರನ್ನ ಕೇಳಿ ಬಿಚ್ಚಿದೆ?" ಕೋಣೆ ಅದುರಿತು. ತನ್ನ ದನಿಯ ಅಳತೆಯೂ ಅವನಿಗೆ ಈಗ ಸಿಗುತ್ತಿರಲಿಲ್ಲ.

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಅಂತಿದ್ದೆ!" ಅವಳ ತುಟಿ ಓದಿ ಸಿಡುಕಿದ.

ಅವಳು ಗಾಜಿನತ್ತ ಕೈತೋರಿ, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ನಾಳೆ ಆಪರೇಷನ್. ಒಂದೇ ಸಲ ಹಾಡೋದು, ಗಂಟಲು ಅಷ್ಟೇ ತಡ್ಕೊಳ್ಳೋದು. ಈ ಗುಂಯ್ ಅನ್ನೋದು ಮಾತ್ರ ಹೋಗ್ತಾ ಇಲ್ಲ ಕಣೋ."

ಆಚೆಯಿಂದ ಗಾಯಕಿ ಅರ್ಧ ಎದ್ದು ಕೈಯೆತ್ತಿದರು. ಅಣ್ಣ ಅವರನ್ನೇ ನೋಡುತ್ತ ನಿಂತ. ಆಮೇಲೆ, "ಸ್ವಿಚ್ ಹಾಕು" ಎಂದ.

ಸ್ಪೀಕರಿನ ಮೇಲೆ ಅಂಗೈ ಇಟ್ಟು ಅದರ ಕಂಪನವನ್ನು ಗುರುತಿಸಿದ. ನಂತರ ಮಂಡಿಯೂರಿ, ಡಬ್ಬಿಯ ವೈರುಗಳನ್ನು ಕಣ್ಣಲ್ಲೇ ಒಂದೊಂದಾಗಿ ಹಿಂಬಾಲಿಸಿದ. "ಆರಿಸು. ಅರ್ಥ್ ವೈರು ಎರಡು ಕಡೆ ಸೇರಿಸಿದೀಯಲ್ಲೇ, ಗುಂಯ್ ಅನ್ನೋದು ಅದಕ್ಕೇ. ಒಂದೇ ಕಡೆ ಇರ್ಬೇಕು. ತಲೆ ಎಲ್ಲಿಟ್ಟಿದ್ದೆ? ಕಟರ್ ಕೊಡು."

ಕಟ್ ಎಂದು ವೈರು ತುಂಡಾಯಿತು. ಅವಳು ಸ್ವಿಚ್ ಒತ್ತಿದಳು. ನಿಶ್ಶಬ್ದ. ಅಣ್ಣ ಅವಳ ಮುಖ ನೋಡಿ ತಿಳಿದುಕೊಂಡ.

"ನೀನೇ ಕೂತ್ಕೋ" ಎಂದು ಕುರ್ಚಿ ಎಳೆದಳು.

"ಹುಚ್ಚಾ ನಿಂಗೆ? ಅವರ ದನಿ ಏರಿದಾಗ ಈ ನಾಬ್ ತಿರುಗಿಸಿ ಇಳಿಸ್ದಿದ್ರೆ ರೆಕಾರ್ಡಿಂಗಲ್ಲಿ ಒಡೆದುಹೋಗುತ್ತೆ. ನನಗೇನು ಕೇಳುತ್ತೆ?"

"ಅವರು ಎಲ್ಲಿ ಏರ್ತಾರೆ ಅಂತ ನಂಗೆಲ್ಲಿ ಗೊತ್ತು? ನಿಂಗೆ ಗೊತ್ತು."

ಅವನು ಕೂತು ನಾಬಿನ ಮೇಲೆ ಬೆರಳಿಟ್ಟ.

ಗಾಯಕಿ ಕಣ್ಣು ಮುಚ್ಚಿ ಶುರುಮಾಡಿದರು. ಮೊದಲ ಸಾಲು ಕಳೆಯಿತು, ಎರಡನೆಯದೂ ಕಳೆಯಿತು. ಅಣ್ಣ ಗಾಜಿನಿಂದ ಕಣ್ಣು ಕೀಳಲಿಲ್ಲ. ಗಾಜಿನಾಚೆ, ದನಿ ಏರುವ ಮುನ್ನ ಎಂದಿನಂತೆ, ಅವರ ಭುಜಗಳು ಕೊಂಚವೇ ಮೇಲೆದ್ದವು. ಅಣ್ಣನ ಎರಡು ಬೆರಳು ನಾಬನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದವು.