ಕಿತ್ತುಹಾಕಿದ ಕಲಂ

"ಇದ್ಯಾವಾಗ ಕಟ್ಟಿದ್ರು?" ಎನ್ನುತ್ತ ಚಾಲಕ ಶವವಾಹನವನ್ನು ಗಕ್ಕನೆ ನಿಲ್ಲಿಸಿದ. ಹಳೇ ರಸ್ತೆಗೆ ಅಡ್ಡಲಾಗಿ ಎದೆಮಟ್ಟದ ಕಾಂಕ್ರೀಟ್ ಗೋಡೆ ಎದ್ದಿತ್ತು. ಅದರಾಚೆ ಕೂಗಳತೆಯಲ್ಲೇ ಸ್ಮಶಾನ.

ಅಪ್ಪನ ಶವಪೆಟ್ಟಿಗೆಯ ಪಕ್ಕ ಕೂತಿದ್ದ ಮಗಳು ಜೋಮು ಹಿಡಿದ ಕಾಲು ಎಳೆದುಕೊಂಡು ಇಳಿದಳು.

"ಹಿಂದಕ್ಕೆ ಹೋಗಿ ಟೋಲ್ ರಸ್ತೆ ಹಿಡೀಬೇಕು ಕಣಮ್ಮ," ಎಂದರು ಚಿಕ್ಕಪ್ಪ. "ಬೇರೆ ದಾರಿನೇ ಇಲ್ಲ."

ಹಿಂದಿನ ಕಾರಿನಿಂದ ಆ ರಸ್ತೆ ಕಟ್ಟಿದ ಕಂಪನಿಯ ಮ್ಯಾನೇಜರ್ ಇಳಿದು ಬಂದ. ಬೆಳಗ್ಗೆಯಿಂದ ಮನೆಯಲ್ಲಿ ಕಂಡಕಂಡವರಿಗೆಲ್ಲ, "ನಮ್ಮ ರಸ್ತೆ ಕಾಯ್ದೆ ಬರೆದ ಪುಣ್ಯಾತ್ಮ," ಎಂದು ಅಪ್ಪನನ್ನು ಹೊಗಳುತ್ತಿದ್ದ. ಅವನ ಸೆಂಟಿನ ವಾಸನೆ ಬಡಿದೊಡನೆ ಅವಳು ಎರಡು ಹೆಜ್ಜೆ ದೂರ ಸರಿದಳು.

*

ಅಪ್ಪ ಸರ್ಕಾರಕ್ಕೆ ಕಾಯ್ದೆಗಳ ಕರಡು ಬರೆಯುತ್ತಿದ್ದರು. ಸರ್ಕಾರ ಖಾಸಗಿ ಕಂಪನಿಗಳ ಜೊತೆ ಸೇರಿ ರಸ್ತೆ ಕಟ್ಟುವ ಮಸೂದೆ ಬಂದಾಗ, ಒಂದು ಕಲಮನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದ್ದರು: ಹೊಸ ರಸ್ತೆ ಬಂದರೂ ಜನರ ಹಳೇ ರಸ್ತೆಯನ್ನು ಮುಚ್ಚತಕ್ಕದ್ದಲ್ಲ.

ಕೆಲವೇ ದಿನಗಳಲ್ಲಿ ಮಂತ್ರಿಗಳಿಂದ ಕರೆ ಬಂತು. ಈ ಮ್ಯಾನೇಜರ್ ಮಂತ್ರಿಗಳ ಪಕ್ಕದ ಕುರ್ಚಿಯಲ್ಲೇ ಕೂತಿದ್ದನಂತೆ. ಹಳೇ ರಸ್ತೆ ತೆರೆದಿದ್ದರೆ ಸುಂಕ ಕೊಟ್ಟು ಯಾರು ಬರ್ತಾರೆ ಎಂದು ನಕ್ಕನಂತೆ. ಅಪ್ಪ ಕಲಂ ಕಿತ್ತುಹಾಕಿದರು. ಹಳೇ ರಸ್ತೆ ಮುಚ್ಚಿಸುವ ಅಧಿಕಾರವನ್ನು ಕಂಪನಿಗೇ ಕೊಟ್ಟು, ಅದನ್ನೂ ಚೊಕ್ಕ ಭಾಷೆಯಲ್ಲಿ ಬರೆದುಕೊಟ್ಟರು.

"ಆಗಲ್ಲ ಅನ್ನಬಹುದಿತ್ತಲ್ಲಪ್ಪಾ?"

"ಅನ್ನಬಹುದಿತ್ತು," ಎಂದು ಅಪ್ಪ ತಟ್ಟೆ ಸರಿಸಿ ಎದ್ದರು. ಆಮೇಲೆಂದೂ ತಾವು ಬರೆದದ್ದನ್ನು ಮನೆಯಲ್ಲಿ ಓದಲಿಲ್ಲ.

*

"ಟೋಲ್ ಗೇಟಿಗೆ ಫೋನ್ ಮಾಡಿದೀನಿ ಮೇಡಂ," ಮ್ಯಾನೇಜರ್ ದನಿ ತಗ್ಗಿಸಿದ. "ಸಾಹೇಬ್ರಿಗೆ ಫ್ರೀ. ಕಂಪನಿ ಕಡೆಯಿಂದ ಕೊನೇ ಗೌರವ."

ಅವಳ ಬಾಯಿ ತುಂಬ ಕಹಿನೀರು ಬಂತು. ಪಕ್ಕಕ್ಕೆ ತಿರುಗಿ ಉಗಿದಳು. ಇವನ ಮೇಲಿನ ಹೇಸಿಗೆ ಎಷ್ಟು, ಅಪ್ಪನ ಮೇಲಿನದೆಷ್ಟು ಎಂದು ಅವಳಿಗೇ ತಿಳಿಯಲಿಲ್ಲ.

"ಚಿಕ್ಕಪ್ಪ, ಪೆಟ್ಟಿಗೆ ಇಳಿಸಿ. ಗೋಡೆ ದಾಟಿಸೋಣ."

"ಹುಚ್ಚು ಹಿಡೀತಾ ನಿಂಗೆ?"

"ಬದುಕಿದ್ದಾಗಂತೂ ಅಪ್ಪ ಈ ಕಂಪನಿಯವ್ರಿಗೆ ಎದುರಾಡಲಿಲ್ಲ. ಇವತ್ತಾದ್ರೂ ಇವ್ರ ರಸ್ತೇಲಿ ಹೋಗೋದು ಬೇಡ."

ಗೊಣಗುತ್ತಲೇ ಚಿಕ್ಕಪ್ಪ, ಜೊತೆ ಬಂದಿದ್ದ ನೆಂಟರೆಲ್ಲರಿಗಿಂತ ಮೊದಲು, ಅಂಗಿಯ ತೋಳು ಮಡಚಿದರು. ಚಾಲಕ ಇಬ್ಬರು ನೆಂಟರ ಜೊತೆ ಆಚೆ ಹಾರಿ ನಿಂತ. ಪೆಟ್ಟಿಗೆ ಕಾಂಕ್ರೀಟಿಗೆ ಕರಕರ ಉಜ್ಜುತ್ತ, ಓರೆಯಾಗಿ, ಆಚೆಯವರ ಕೈಗಿಳಿಯಿತು. ಟಾರು ಸೀಳಿ ಹುಲ್ಲೆದ್ದ ರಸ್ತೆಯಲ್ಲಿ ಮಗಳೂ ಗೋಡೆ ಹತ್ತಿಳಿದು ಹೆಗಲು ಕೊಟ್ಟಳು.

"ಮೇಡಂ, ಇದೊಂದು ತಗೊಂಡ್ಹೋಗಿ!"

ಅವಳು ತಿರುಗಿ ನೋಡಿದಳು. ಕಂಪನಿಯ ಹೆಸರು ಬರೆದ ಭಾರಿ ಪುಷ್ಪಚಕ್ರವನ್ನು ಮ್ಯಾನೇಜರ್ ಗೋಡೆಯ ಮೇಲೆ ಎತ್ತಿ ಹಿಡಿದಿದ್ದ. ಯಾರೂ ಕೈ ಚಾಚಲಿಲ್ಲ. ಹೂಗಳ ನಡುವಿನ ತೂತಿನಲ್ಲಿ ಅವನ ಮುಖ ಇನ್ನೂ ನಗುತ್ತಲೇ ಇತ್ತು.